ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಎಸ್‌ಎಂಪಿಎಸ್‌ನ ಲೇಬಲ್ ಓದಿ

ಗಡಿನಾಡಿನ ಓದುಗರ ಕಂಪ್ಯೂಟರ್ ಪ್ರಶ್ನೆಗಳು

ಪ್ರಶ್ನೆ: ತುಲಾ ತಿಂಗಳ ಗುಡುಗು ಮಳೆಗೆ ನಮ್ಮ ಗೇಮಿಂಗ್ ಕಂಪ್ಯೂಟರಿನ ಜಿಟಿಎಕ್ಸ್ 1660 ಸೂಪರ್ ಕಾರ್ಡ್ ಹೋಯಿತು. ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ. ಪ್ರೊಸೆಸರ್ ಐ5-10400ಎಫ್, ಎಚ್410 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 1080ಪಿ 75 ಹರ್ಟ್ಸ್ ಮಾನಿಟರ್. ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟಿನದು. ಬದಲಿಗೆ ಯಾವ ಕಾರ್ಡ್ ಹಾಕಿಸಲಿ?
– ಬದಿಯಡ್ಕದ ಓದುಗರು

ಉತ್ತರ: ಹೊಸತಕ್ಕೆ ಹಣ ಕೊಡುವ ಮುಂಚೆ ಹಳೆಯದು ನಿಜಕ್ಕೂ ಹೋಗಿದೆಯೇ, ಹೋಗಿದ್ದರೆ ಪೆಟ್ಟು ಯಾವ ದಾರಿಯಿಂದ ಬಂತು ಎಂಬುದು ಗೊತ್ತಾಗಬೇಕು. ಕಾರಣ ಹಾಗೆಯೇ ಉಳಿದರೆ ಹೊಸ ಕಾರ್ಡಿಗೂ ಅದೇ ಗತಿ.

ನಿಮ್ಮದು ಎಫ್ ಸರಣಿಯ ಪ್ರೊಸೆಸರ್, ಅದರೊಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ತೆಗೆದು ಮಾನಿಟರನ್ನು ಮದರ್‌ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿದರೂ ಪರದೆ ಕಪ್ಪಾಗಿಯೇ ಇರುತ್ತದೆ. ಅದನ್ನು ನೋಡಿ ಬೋರ್ಡೂ ಹೋಯಿತೆಂದು ತೀರ್ಮಾನಿಸಬೇಡಿ. ಗೆಳೆಯರ ಕಾರ್ಡ್ ತಂದು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಆದರೆ ಅದಕ್ಕೂ ಮುಂಚೆ ಎಸ್‌ಎಂಪಿಎಸ್ ಪರೀಕ್ಷಿಸಿ. ಸಿಡಿಲಿಗೆ ಅದು ಕೆಟ್ಟಿದ್ದರೆ ಗೆಳೆಯರ ಕಾರ್ಡನ್ನೂ ತೆಗೆಯುತ್ತದೆ.

ಪರೀಕ್ಷೆ ಹೀಗೆ. ಪ್ಲಗ್ ತೆಗೆದು, ಎಸ್‌ಎಂಪಿಎಸ್‌ನ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿ. 24 ಪಿನ್ನಿನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ವಯರನ್ನು ಪಕ್ಕದ ಕಪ್ಪು ವಯರಿಗೆ ಒಂದು ತುಂಡು ತಂತಿಯಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಿ. ಮಲ್ಟಿಮೀಟರ್‌ನಲ್ಲಿ ಹಳದಿ ಮತ್ತು ಕಪ್ಪಿನ ನಡುವೆ 11.4ರಿಂದ 12.6 ವೋಲ್ಟ್, ಕೆಂಪು ಮತ್ತು ಕಪ್ಪಿನ ನಡುವೆ 4.75ರಿಂದ 5.25 ವೋಲ್ಟ್ ಬರಬೇಕು. ಈ ಮಿತಿ ದಾಟಿದರೆ ಎಸ್‌ಎಂಪಿಎಸ್ ಬದಲಿಸಲೇಬೇಕು. ಮಿತಿಯೊಳಗಿದ್ದರೂ ಅದು ಪೂರ್ತಿ ಚೆನ್ನಾಗಿದೆ ಎಂದು ಹೇಳಲಾಗದು. ಲೋಡ್ ಇಲ್ಲದಾಗ ಸರಿಯಾದ ವೋಲ್ಟೇಜ್ ಕೊಟ್ಟು, ಗೇಮ್ ಶುರುವಾದ ಕೂಡಲೇ ಕುಸಿಯುವ ಎಸ್‌ಎಂಪಿಎಸ್‌ಗಳು ಬೇಕಾದಷ್ಟಿವೆ. ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಈಗ ಲೇಬಲ್ ನೋಡಿ. ದೊಡ್ಡ ಅಕ್ಷರದ 450 ವ್ಯಾಟ್ ಬಿಡಿ, +12 ವೋಲ್ಟ್ ಎಂಬ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಇದೆ ಎಂಬುದನ್ನು ಓದಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ ಅದರಿಂದಲೇ. ಕ್ಯಾಬಿನೆಟ್ ಜೊತೆ ಬರುವ ಅಗ್ಗದವುಗಳಲ್ಲಿ 16 ಅಥವಾ 18 ಆಂಪಿಯರ್ ಎಂದಿರುವುದು ಸಾಮಾನ್ಯ. 18ನ್ನು 12ರಿಂದ ಗುಣಿಸಿದರೆ 216 ವ್ಯಾಟ್. ನಿಮ್ಮ 10400ಎಫ್ ಸ್ವಲ್ಪ ಹೊತ್ತಿನ ಬೂಸ್ಟ್‌ನಲ್ಲಿ 134 ವ್ಯಾಟ್‌ವರೆಗೆ ಹೋಗಬಲ್ಲದು, 1660 ಸೂಪರ್ 125 ವ್ಯಾಟಿನ ಕಾರ್ಡ್. ಎರಡೂ ಸೇರಿ 259. ಲೇಬಲ್ಲಿನಲ್ಲಿ 18 ಆಂಪಿಯರ್ ಇದ್ದರೆ, ಆ ಎಸ್‌ಎಂಪಿಎಸ್ ಸಿಡಿಲಿಗೂ ಮುಂಚಿನಿಂದಲೇ ಆಗಾಗ ಮಿತಿ ಮೀರಿ ದುಡಿಯುತ್ತಿದ್ದಿರಬಹುದು. ಸಿಡಿಲು ಕೊನೆಯ ಪೆಟ್ಟು ಕೊಟ್ಟಿರಬಹುದು, ಅಷ್ಟೆ.

ಆದ್ದರಿಂದ ನಿಮ್ಮ ಬಜೆಟ್ಟಿನಲ್ಲಿ ಮೊದಲ ಪಾಲು ಎಸ್‌ಎಂಪಿಎಸ್‌ಗೆ: ಹೆಸರುಳ್ಳ ಕಂಪೆನಿಯ 550 ವ್ಯಾಟಿನದು, 80 ಪ್ಲಸ್ ಬ್ರಾಂಜ್, 12 ವೋಲ್ಟಿನಲ್ಲಿ 40 ಆಂಪಿಯರ್‌ಗೆ ಕಡಿಮೆ ಇಲ್ಲದ್ದು, ಕನಿಷ್ಠ ಒಂದು 6+2 ಪಿನ್ ಪಿಸಿಐಇ (ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ) ಕೇಬಲ್ ಇರುವಂಥದ್ದು. 80 ಪ್ಲಸ್ ಎನ್ನುವುದು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದರ ಗುರುತು ಮಾತ್ರ. ಓವರ್ ವೋಲ್ಟೇಜ್, ಓವರ್ ಕರೆಂಟ್, ಶಾರ್ಟ್ ಸರ್ಕ್ಯೂಟ್ ರಕ್ಷಣೆ ಇದೆಯೇ ಎಂದು ಪೆಟ್ಟಿಗೆಯ ಮೇಲೆ ಬೇರೆಯಾಗಿ ನೋಡಿಕೊಳ್ಳಿ.

ಇನ್ನು ಕಾರ್ಡ್. ನಿಮ್ಮ ಮಾನಿಟರ್ 1080ಪಿ, 75 ಹರ್ಟ್ಸ್. ಇದಕ್ಕೆ ನಮ್ಮ ಮೊದಲ ಆಯ್ಕೆ ರೇಡಿಯಾನ್ ಆರ್‌ಎಕ್ಸ್ 6600. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8 ಪಿನ್ ಕೇಬಲ್. ಹಳೆಯ ಕಾರ್ಡ್ ತೆಗೆದ ಜಾಗದಲ್ಲಿ ಬೇರೇನೂ ಬದಲಿಸದೆ ಕುಳಿತುಕೊಳ್ಳುತ್ತದೆ, ವೇಗದಲ್ಲಿ 1660 ಸೂಪರ್‌ಗಿಂತ ಚೆನ್ನಾಗಿ ಮುಂದಿದೆ. ಮುಂದೆ 144 ಹರ್ಟ್ಸ್ ಮಾನಿಟರ್ ತೆಗೆದುಕೊಳ್ಳುವ ಯೋಚನೆಯಿದ್ದರೆ ಆರ್‌ಟಿಎಕ್ಸ್ 4060 ಅಥವಾ 5060. ಮೊದಲಿನದು 115 ವ್ಯಾಟ್, ಎರಡನೆಯದು 145. ಎರಡಕ್ಕೂ 550 ವ್ಯಾಟಿನ ಎಸ್‌ಎಂಪಿಎಸ್ ಸಾಕು. ಈ ಮೂರೂ ಕಾರ್ಡ್‌ಗಳು ಸ್ಲಾಟಿನ ಎಂಟು ಲೇನ್‌ಗಳನ್ನು (ಮಾಹಿತಿ ಸಾಗುವ ಸಾಲುಗಳನ್ನು) ಮಾತ್ರ ಬಳಸುತ್ತವೆ. ನಿಮ್ಮ ಎಚ್410 ಬೋರ್ಡಿನ ಸ್ಲಾಟ್ ಪಿಸಿಐಇ 3.0, ಅಂದರೆ ಹಳೆಯ, ನಿಧಾನದ ಪೀಳಿಗೆಯದು. ಆದರೂ 1080ಪಿಯಲ್ಲಿ ನಷ್ಟ ಅಲ್ಪ. ಆದರೆ ಆರ್‌ಎಕ್ಸ್ 6500 ಎಕ್ಸ್‌ಟಿ ಬೇಡವೇ ಬೇಡ. ಅದಕ್ಕೆ ನಾಲ್ಕೇ ಲೇನ್, ನಾಲ್ಕೇ ಜಿಬಿ. 3.0 ಬೋರ್ಡಿನಲ್ಲಿ ಅದರ ವೇಗ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ.

"ಎಸ್‌ಎಂಪಿಎಸ್ ಬದಲಿಸದೆ ಆಗುವುದಿಲ್ಲವೇ?" ಎಂದು ಅಂಗಡಿಯಲ್ಲಿ ಕೇಳಿದರೆ ಆರ್‌ಟಿಎಕ್ಸ್ 3050ರ 6 ಜಿಬಿ ಕಾರ್ಡ್ ತೋರಿಸುತ್ತಾರೆ. ಅದು 70 ವ್ಯಾಟಿನದು, ಬೇಕಾದ ಕರೆಂಟನ್ನೆಲ್ಲ ಸ್ಲಾಟಿನಿಂದಲೇ ಎಳೆಯುತ್ತದೆ. ಒಳ್ಳೆಯ ಕಾರ್ಡೇ. ಆದರೆ ನಿಮ್ಮ ಹಳೆಯ 1660 ಸೂಪರ್‌ಗಿಂತ ಅದು ಮುಂದಿಲ್ಲ. ಸಿಡಿಲಿನ ಪೆಟ್ಟು ತಿಂದ ಎಸ್‌ಎಂಪಿಎಸ್ ಮೇಲೆ ಅದನ್ನೂ ಕೂರಿಸುವುದು ನಮಗೆ ಒಪ್ಪಿಗೆಯಿಲ್ಲ.

ಇನ್ನು ಪೆಟ್ಟು ಬಂದ ದಾರಿ. ಪ್ಲಗ್ ಕಿತ್ತರೆ ಸಾಕೆಂದು ಹಲವರು ತಿಳಿದಿದ್ದಾರೆ. ರೂಟರ್‌ನಿಂದ ಬರುವ ಲ್ಯಾನ್ ವಯರ್, ಟಿವಿಗೆ ಹಾಕಿದ ಎಚ್‌ಡಿಎಂಐ ವಯರ್ ಎರಡೂ ಸಿಡಿಲಿಗೆ ತೆರೆದ ಬಾಗಿಲು. ಮಾಡಿನ ಮೇಲಿನ ಡಿಶ್ ಆಂಟೆನಾದ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ನೇರ ಗ್ರಾಫಿಕ್ಸ್ ಕಾರ್ಡಿಗೆ. ಗುಡುಗು ಹತ್ತಿರವಾಗುವ ಮುಂಚೆಯೇ ಪ್ಲಗ್, ಲ್ಯಾನ್, ಎಚ್‌ಡಿಎಂಐ ಮೂರನ್ನೂ ಕೀಳಬೇಕು. ಅರ್ತಿಂಗ್ ಕೂಡ ನೋಡಿಸಿ: ಪ್ಲಗ್ ಪಾಯಿಂಟಿನಲ್ಲಿ ಫೇಸ್ ಮತ್ತು ಅರ್ತ್ ನಡುವೆ ಸುಮಾರು 230 ವೋಲ್ಟ್ ತೋರಿಸಬೇಕು, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಈ ಅಳತೆಯನ್ನು ಇಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ. ಅರ್ತ್ ಇಲ್ಲದ ಪಾಯಿಂಟಿಗೆ ಹಾಕಿದ ಸ್ಪೈಕ್ ಗಾರ್ಡ್‌ನಿಂದ ಪೂರ್ತಿ ರಕ್ಷಣೆ ಸಿಗದು. ಮನೆಯ ಇನ್ವರ್ಟರಿನಿಂದ ಕಂಪ್ಯೂಟರ್ ಓಡಿಸುವುದಾದರೆ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಬದಲಾಗುವ ಅಂತರದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಗೇಮ್ ನಡೆಯುವಾಗ ಮಾನಿಟರ್ ಸೇರಿದರೆ ಅದು ಮಿತಿಗೆ ತೀರಾ ಹತ್ತಿರ. 1000 ವಿಎ ಅಥವಾ ಮೇಲಿನದೇ ಒಳ್ಳೆಯದು.

ಪ್ರಶ್ನೆ: ನಮ್ಮ ಮನೆ ಕಡಲಿಗೆ ಹತ್ತಿರ. ಆರ್‌ಎಕ್ಸ್ 580 8 ಜಿಬಿ ಸೆಕೆಂಡ್‌ಹ್ಯಾಂಡ್ ಕಾರ್ಡ್ ತೀರಾ ಕಡಿಮೆಗೆ ಸಿಗುತ್ತಿದೆ. ತೆಗೆದುಕೊಳ್ಳಬಹುದೇ? ಏನೇನು ನೋಡಬೇಕು?
– ಮಂಜೇಶ್ವರದ ಓದುಗರು

ಉತ್ತರ: ಬೆಲೆ ಬಿಟ್ಟರೆ ಆ ಕಾರ್ಡಿನ ಪರವಾಗಿ ಹೇಳುವುದು ಈಗ ಹೆಚ್ಚೇನಿಲ್ಲ. 2017ರ ಕಾರ್ಡ್, 185 ವ್ಯಾಟ್ ಎಳೆಯುತ್ತದೆ. ಎಎಂಡಿ ಕಂಪೆನಿ 2023ರಲ್ಲೇ ಈ ಪೀಳಿಗೆಯನ್ನು ಮುಖ್ಯ ಡ್ರೈವರ್‌ನಿಂದ (ಕಾರ್ಡ್ ಓಡಿಸುವ ಸಾಫ್ಟ್‌ವೇರ್‌ನಿಂದ) ಬೇರ್ಪಡಿಸಿತು. ಅದರಲ್ಲಿ ಬೆಳಕು-ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲ. 2025ರ 'ಡೂಮ್: ದ ಡಾರ್ಕ್ ಏಜಸ್' ಗೇಮ್‌ಗೆ ಅದು ಇರಲೇಬೇಕು. ಎನ್‌ವಿಡಿಯಾದ ಜಿಟಿಎಕ್ಸ್ 10 ಸರಣಿಯ ಕಥೆಯೂ ಬೇರೆಯಲ್ಲ. ಅದಕ್ಕೆ ಗೇಮ್ ಡ್ರೈವರ್ 2025ರ ಅಕ್ಟೋಬರ್‌ಗೆ ಮುಗಿಯಿತು, ಇನ್ನು 2028ರ ಅಕ್ಟೋಬರ್‌ವರೆಗೆ ಸುರಕ್ಷತೆಯ ಅಪ್‌ಡೇಟ್ ಮಾತ್ರ. ಹಳೆಯ ಗೇಮ್‌ಗಳಷ್ಟೇ ಸಾಕು ಎನ್ನುವವರಿಗೆ ಮಾತ್ರ ಇವು.

ಆರ್‌ಎಕ್ಸ್ 580 ಹೆಸರಿನಲ್ಲಿ ಎರಡು ಕಾರ್ಡ್ ಇವೆ ಎಂಬುದು ಗೊತ್ತಿರಲಿ. ಜಿಪಿಯು-ಝೆಡ್ ಎಂಬ ಉಚಿತ ಸಾಫ್ಟ್‌ವೇರ್ ತೆರೆದು ಶೇಡರ್ಸ್ ಎಂಬಲ್ಲಿ ನೋಡಿ. 2304 ಇದ್ದರೆ ನಿಜವಾದ 580. 2048 ಇದ್ದರೆ ಅದು 570ರ ಮಟ್ಟದ್ದು. ಚಿಪ್ಪಿನ ಹೆಸರಿನ ಮುಂದೆ ಫೇಕ್ ಎಂದು ತೋರಿಸಿದರೆ ಇನ್ನೇನೂ ನೋಡಬೇಕಾಗಿಲ್ಲ, ತುಂಬಾ ಹಳೆಯ ಚಿಪ್ಪಿನ ಬಯೋಸ್ (ಒಳಗೇ ಬರೆದಿಟ್ಟ ಸಾಫ್ಟ್‌ವೇರ್) ತಿದ್ದಿ ಹೊಸ ಹೆಸರಿಟ್ಟ ಕಾರ್ಡ್ ಅದು. ಜಿಟಿಎಕ್ಸ್ 1050 ಟಿಐ ಎಂದು ಮಾರುವ ಕಾರ್ಡಿನಲ್ಲಿ ನೀಲಿ ವಿಜಿಎ ಪೋರ್ಟ್ ಕಂಡರೂ ಹಾಗೆಯೇ. ಆ ಪೀಳಿಗೆಯ ಚಿಪ್ಪಿನಲ್ಲಿ ಅನಲಾಗ್ ಔಟ್‌ಪುಟ್ಟೇ ಇಲ್ಲ.

ಕರಾವಳಿಯಲ್ಲಿ ಓಡಿದ ಕಾರ್ಡಾದರೆ ಕಣ್ಣಿನ ಪರೀಕ್ಷೆ ಇನ್ನೂ ಮುಖ್ಯ. ಉಪ್ಪುಗಾಳಿ ಮೊದಲು ಹಿಡಿಯುವುದು ಹಿಂದಿನ ಬ್ರ್ಯಾಕೆಟ್ಟಿನ ಸ್ಕ್ರೂಗಳನ್ನು, ಆಮೇಲೆ ಹೀಟ್‌ಸಿಂಕನ್ನು. ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಬಿಳಿ ಪುಡಿ, ತಾಮ್ರದ ಪೈಪಿನ ಮೇಲೆ ಹಸಿರು ಕಿಲುಬು, ಸ್ಲಾಟಿಗೆ ಸೇರುವ ಚಿನ್ನದ ಬಣ್ಣದ ಕಾಲುಗಳಲ್ಲಿ ಕಪ್ಪು ಚುಕ್ಕೆ ಕಂಡರೆ ಬಿಟ್ಟುಬಿಡಿ. ಕಾಲುಗಳಲ್ಲಿ ಬರೀ ಮಾಸಲು ಇದ್ದರೆ ಮೆತ್ತನೆಯ ರಬ್ಬರಿನಿಂದ ತಿಕ್ಕಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಹೋಗುತ್ತದೆ.

ಮಾರುವವರ ಮನೆಯಲ್ಲೇ ಫರ್‌ಮಾರ್ಕ್ ಎಂಬ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ 15 ನಿಮಿಷ ಓಡಿಸಿ. ಪರದೆಯಲ್ಲಿ ಚೌಕಳಿ, ಬಣ್ಣದ ಗೆರೆ, ಚುಕ್ಕೆ ಬಂದರೆ ಮೆಮೊರಿ ಅಥವಾ ಚಿಪ್ ಹೋಗುತ್ತಿದೆ. ಕಂಪ್ಯೂಟರ್ ಆನ್ ಮಾಡಿದಾಗ ಬರುವ ಬಯೋಸ್ ಪುಟದಲ್ಲೇ ಗೆರೆ ಕಂಡರೆ ಡ್ರೈವರ್ ದೋಷ ಅಲ್ಲವೇ ಅಲ್ಲ. ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗದ ಉಷ್ಣತೆ) ತೋರಿಸುವ ಕಾರ್ಡಾದರೆ ಸಾಮಾನ್ಯ ಉಷ್ಣತೆಗೂ ಅದಕ್ಕೂ 25 ಡಿಗ್ರಿಗಿಂತ ಹೆಚ್ಚು ಅಂತರವಿದೆಯೇ ನೋಡಿ. ಇದ್ದರೆ ಥರ್ಮಲ್ ಪೇಸ್ಟ್ ಒಣಗಿದೆ. ಅದನ್ನು ಬದಲಿಸಬಹುದು, ಆದರೆ ಆ ಖರ್ಚು ಬೆಲೆಯಿಂದ ಇಳಿಯಬೇಕು. 'ರೀಬಾಲ್ (ಚಿಪ್ ಕಿತ್ತು ಮತ್ತೆ ಬೆಸುಗೆ) ಮಾಡಿಸಿದ್ದು, ಈಗ ಗಟ್ಟಿ' ಎಂಬ ಮಾತು ಬಂದರೆ ವಾಪಸು ಬನ್ನಿ. ಹೀಟ್ ಗನ್ ಹಿಡಿದು ಬದುಕಿಸಿದ ಕಾರ್ಡ್ ಎಷ್ಟು ದಿನ ನಡೆಯುತ್ತದೆಂದು ಯಾರೂ ಹೇಳಲಾರರು.

ನಿಮ್ಮ ಮನೆಗೆ ಯಾವುದೇ ಕಾರ್ಡ್ ಬರಲಿ, ಕಂಪ್ಯೂಟರನ್ನು ಕಡಲ ಕಡೆಯ ಕಿಟಕಿಯಿಂದ ದೂರ ಇಡಿ. ಆಟಿಯ ಮಳೆಯಲ್ಲಿ ವಾರಗಟ್ಟಲೆ ಆಫ್ ಮಾಡಿ ಇಡಬೇಡಿ. ದಿನಕ್ಕೊಂದು ಗಂಟೆ ಓಡಿದರೆ ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಕ್ಯಾಬಿನೆಟ್ಟಿನ ಹಿಂದಿನ ಖಾಲಿ ಸ್ಲಾಟ್‌ಗಳಿಗೆ ತಗಡಿನ ಮುಚ್ಚಳ ಅಥವಾ ಸಣ್ಣ ಜಾಲರಿ ಹಾಕಿ. ಬಿಸಿ ಹುಡುಕಿಕೊಂಡು ಒಳನುಗ್ಗುವ ಹಲ್ಲಿಯಿಂದ ಬೋರ್ಡ್ ಶಾರ್ಟ್ ಆಗುವುದುಂಟು. ತುಕ್ಕು ಹಿಡಿದ, ಸುಟ್ಟ ಗುರುತಿರುವ ಕಾರ್ಡಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಪ್ರಶ್ನೆ: ಕಂಪೆನಿಯಿಂದ ಬಂದ ಹಳೆಯ ಸಣ್ಣ ಆಫೀಸ್ ಕಂಪ್ಯೂಟರ್ ಇದೆ, ಐ5-6500. ಮಕ್ಕಳ ಗೇಮ್‌ಗೆ ಇದಕ್ಕೇ ಕಾರ್ಡ್ ಹಾಕಬಹುದೇ?
– ಪೈವಳಿಕೆಯ ಓದುಗರು

ಉತ್ತರ: ಹಾಕಬಹುದು, ಆಯ್ಕೆ ಕಡಿಮೆ. ಇಂಥ ಸಪೂರ ಪೆಟ್ಟಿಗೆಗೆ ಲೋ ಪ್ರೊಫೈಲ್ (ಎತ್ತರ ಕಡಿಮೆಯ) ಕಾರ್ಡೇ ಬೇಕು, ಜೊತೆಗೆ ಗಿಡ್ಡ ಬ್ರ್ಯಾಕೆಟ್ ಇರಬೇಕು. ಒಳಗಿನ ಎಸ್‌ಎಂಪಿಎಸ್ ಕಂಪ್ಯೂಟರ್ ತಯಾರಿಸಿದ ಕಂಪೆನಿಯದೇ ಅಳತೆಯದು, ಹೊರಗಿನದು ಕೂರುವುದಿಲ್ಲ. ಪಿಸಿಐಇ ಕೇಬಲ್ಲೂ ಇರುವುದಿಲ್ಲ. ಆದ್ದರಿಂದ ಸ್ಲಾಟ್ ಕೊಡುವ 75 ವ್ಯಾಟಿನೊಳಗೇ ಮುಗಿಯಬೇಕು. ಆರ್‌ಟಿಎಕ್ಸ್ 3050 6 ಜಿಬಿ ಲೋ ಪ್ರೊಫೈಲ್ ಮಾದರಿ ಇವುಗಳಲ್ಲಿ ಒಳ್ಳೆಯದು. ಅದು ಎರಡು ಸ್ಲಾಟಿನಷ್ಟು ದಪ್ಪ, ಪಕ್ಕದಲ್ಲಿ ಜಾಗ ಇದೆಯೇ ಅಳೆದು ನೋಡಿ. ಸಾಟಾ (ಹಾರ್ಡ್‌ಡಿಸ್ಕಿಗೆ ಹಾಕುವ) ಕನೆಕ್ಟರಿನಿಂದ 8 ಪಿನ್ ಮಾಡುವ ಅಡಾಪ್ಟರ್ ಕೊಡುತ್ತೇವೆ, ದೊಡ್ಡ ಕಾರ್ಡ್ ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದು ಸಾಟಾ ಕನೆಕ್ಟರ್ 12 ವೋಲ್ಟಿನಲ್ಲಿ ಹೊರುವುದು 4.5 ಆಂಪಿಯರ್, ಎಂದರೆ 54 ವ್ಯಾಟ್. 8 ಪಿನ್ನಿನ ಮಿತಿ 150. ಆ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತಬಹುದು. ಒಂದೇ 8 ಜಿಬಿ ರ‍್ಯಾಮ್ ಇದ್ದರೆ ಅದೇ ಬಗೆಯ ಇನ್ನೊಂದು ಹಾಕಿಸಿ. ಡ್ಯುಯಲ್ ಚಾನೆಲ್ (ಎರಡೂ ಒಟ್ಟಿಗೆ ದುಡಿಯುವ ರೀತಿ) ಆದರೆ ಗೇಮ್ ನಡುನಡುವೆ ತಡವರಿಸುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ರೈಜೆನ್ 5 5600, ಬಿ450 ಬೋರ್ಡ್, 650 ವ್ಯಾಟ್ ಎಸ್‌ಎಂಪಿಎಸ್ ಇದೆ. 1440ಪಿ ಮಾನಿಟರ್ ತಗೊಂಡೀನಿ. ಆರ್‌ಟಿಎಕ್ಸ್ 5060 ಟಿಐ 8 ಜಿಬಿ ಸಾಕಾಗ್ತದೋ, 16 ಜಿಬಿನೇ ಬೇಕೋ? ನಮ್ಮ ಕಡೆ ಬ್ಯಾಸಗಿ ಬಿಸಿಲು ಭಾಳ, ಅದನ್ನೂ ಹೇಳ್ರಿ.
– ಅಕ್ಕಲಕೋಟೆಯ ಓದುಗರು

ಉತ್ತರ: 16 ಜಿಬಿಯದೇ ಬೇಕು, ಅದರಲ್ಲೂ ನಿಮ್ಮ ಬೋರ್ಡಿಗೆ. ಗೇಮ್‌ಗೆ ಬೇಕಾದ ಚಿತ್ರಗಳು ಕಾರ್ಡಿನ ಮೆಮೊರಿಯಲ್ಲಿ ಹಿಡಿಯದಿದ್ದಾಗ ಉಳಿದದ್ದು ರ‍್ಯಾಮ್‌ಗೆ ಹೋಗುತ್ತದೆ, ಮತ್ತೆ ಮತ್ತೆ ಸ್ಲಾಟಿನ ಮೂಲಕ ಓಡಾಡುತ್ತದೆ. 5060 ಟಿಐ ಎಂಟು ಲೇನಿನ ಕಾರ್ಡ್, ಬಿ450 ಪಿಸಿಐಇ 3.0. ಅಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಮಾತ್ರ ಸಾಗುತ್ತದೆ. ಕಾರ್ಡಿನ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 448 ಜಿಬಿ. ಈ ಅಂತರವೇ ಗೇಮ್‌ನಲ್ಲಿ ಗಕ್ಕನೆ ನಿಂತು ಹೋದಂತೆ ಕಾಣುವುದು. ಸರಾಸರಿ ಫ್ರೇಮ್ ಲೆಕ್ಕದಲ್ಲಿ ಅದು ಅಷ್ಟಾಗಿ ತೋರದು, ಆಡುವವರ ಕೈಗೆ ಮಾತ್ರ ತಕ್ಷಣ ತಿಳಿಯುತ್ತದೆ.

ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯ ಬೆಲೆಯನ್ನೂ ಅದೇ ದಿನ ಕೇಳಿ. ಅದು ಹದಿನಾರು ಲೇನ್ ಬಳಸುತ್ತದೆ, ಹಾಗಾಗಿ 3.0 ಬೋರ್ಡಿಗೆ ಹೆಚ್ಚು ಹೊಂದುತ್ತದೆ. ವಿಡಿಯೊ ಎಡಿಟಿಂಗ್, ಬ್ಲೆಂಡರ್ (3ಡಿ ಚಿತ್ರ ರಚಿಸುವ ಸಾಫ್ಟ್‌ವೇರ್) ಕೆಲಸ ಇದ್ದರೆ 5060 ಟಿಐ; ಗೇಮ್ ಒಂದೇ ಆದರೆ ನಮ್ಮ ಮತ 9060 ಎಕ್ಸ್‌ಟಿಗೆ. ಇಂಟೆಲ್ ಆರ್ಕ್ ಬಿ580ಗೆ 12 ಜಿಬಿ ಇದೆ, ಬೆಲೆಯೂ ಹಗುರ. ಆದರೆ 5600ರಂಥ ಪ್ರೊಸೆಸರ್ ಜೊತೆ ಕೆಲವು ಗೇಮ್‌ಗಳಲ್ಲಿ ಅದು ತನ್ನ ಪೂರ್ಣ ವೇಗ ಕೊಡುವುದಿಲ್ಲ. ಯಾವುದೇ ಹಾಕಿದರೂ ಬಯೋಸ್ ಅಪ್‌ಡೇಟ್ ಮಾಡಿ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ತಲುಪುವ ಸೌಲಭ್ಯ) ಆನ್ ಮಾಡಿ. ಆರ್ಕ್‌ಗಂತೂ ಅದು ಕಡ್ಡಾಯ.

ಬಿಸಿಲಿನ ಲೆಕ್ಕ ಸರಳ. ಕೋಣೆ 25 ಡಿಗ್ರಿ ಇರುವಾಗ ಕಾರ್ಡ್ 70 ತೋರಿಸಿದರೆ, ಕೋಣೆ 40 ಆದಾಗ ಹೆಚ್ಚುಕಡಿಮೆ 85 ತೋರಿಸುತ್ತದೆ. ಆಗ ಕಾರ್ಡ್ ತನ್ನಷ್ಟಕ್ಕೆ ವೇಗ ಇಳಿಸುತ್ತದೆ, ಫ್ಯಾನ್ ಕೂಗುತ್ತದೆ. ಆಫ್ಟರ್‌ಬರ್ನರ್ ಸಾಫ್ಟ್‌ವೇರಿನಲ್ಲಿ ಪವರ್ ಲಿಮಿಟ್ ಅನ್ನು ಶೇ. 85ಕ್ಕೆ ಇಳಿಸಿ. ವೇಗದಲ್ಲಿ ಕಳೆದುಕೊಳ್ಳುವುದು ಸ್ವಲ್ಪ, ಬಿಸಿ ಚೆನ್ನಾಗಿಯೇ ಇಳಿಯುತ್ತದೆ. ಮುಂದೆ ಎರಡು ಫ್ಯಾನ್ ಗಾಳಿ ಒಳತರಲಿ, ಹಿಂದೆ ಒಂದು ಹೊರಹಾಕಲಿ; ಮುಂದಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದು ಒಣಗಿಸಿ. ಕರಿಮಣ್ಣಿನ ನುಣುಪು ಧೂಳು ಹೀಟ್‌ಸಿಂಕಿನಲ್ಲಿ ಪದರ ಕಟ್ಟುತ್ತದೆ. ಬ್ಲೋವರ್ ಹೊಡೆಯುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಪ್ರಶ್ನೆ: ಎಚ್61 ಬೋರ್ಡ್, ಐ5-3470 ಇರುವ ಕಂಪ್ಯೂಟರಿಗೆ ಹೊಸ ಕಾರ್ಡ್ ಹಾಕಿದೆವು. ಫ್ಯಾನ್ ಓಡುತ್ತದೆ, ಚಿತ್ರ ಇಲ್ಲ. ಅಂಗಡಿಯಲ್ಲಿ ಅದೇ ಕಾರ್ಡ್ ಬೇರೆ ಕಂಪ್ಯೂಟರಿನಲ್ಲಿ ಸರಿಯಾಗಿದೆ.
– ಮುಳ್ಳೇರಿಯದ ಓದುಗರು

ಉತ್ತರ: ಮೊದಲು ಸುಲಭದ್ದು. ಮಾನಿಟರಿನ ವಯರ್ ಬೋರ್ಡಿಗಲ್ಲ, ಕಾರ್ಡಿಗೆ ಹಾಕಿದ್ದೀರಾ? ಹಳೆಯ ವಿಜಿಎ ಮಾನಿಟರಾದರೆ ಬರೀ ವಯರಿನಿಂದ ಆಗುವುದಿಲ್ಲ, ಒಳಗೆ ಚಿಪ್ ಇರುವ ಆಕ್ಟಿವ್ ಕನ್ವರ್ಟರ್ ಬೇಕು. ಕಾರ್ಡ್ ಸ್ಲಾಟಿನ ಕೊಕ್ಕೆಗೆ ಟಕ್ ಎಂದು ಕೂತಿದೆಯೇ, 8 ಪಿನ್ ಕೇಬಲ್ ಪೂರ್ತಿ ಒಳಹೋಗಿದೆಯೇ ನೋಡಿ. ಪ್ರೊಸೆಸರಿನ 4+4 ಕನೆಕ್ಟರನ್ನು ಕಾರ್ಡಿಗೆ ಒತ್ತಿ ತುರುಕಬೇಡಿ. ನೋಡಲು ಒಂದೇ ಥರ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು.

ಇವೆಲ್ಲ ಸರಿಯಿದ್ದರೆ ತೊಂದರೆ ಬಯೋಸಿನದು. ಆ ಕಾಲದ ಬೋರ್ಡ್‌ಗಳು ಹಳೆಯ ಲೆಗಸಿ ರೀತಿಯಲ್ಲಿ ಶುರುವಾಗುತ್ತವೆ. ಈಚಿನ ಕಾರ್ಡ್‌ಗಳು ಯುಇಎಫ್‌ಐ ಎಂಬ ಹೊಸ ರೀತಿ ಕೇಳುತ್ತವೆ. ಕಾರ್ಡ್ ತೆಗೆದು ಪ್ರೊಸೆಸರಿನ ಗ್ರಾಫಿಕ್ಸಿನಲ್ಲೇ ಶುರು ಮಾಡಿ, ಬೋರ್ಡಿನ ಕಂಪೆನಿಯ ತಾಣದಿಂದ ಕೊನೆಯ ಬಯೋಸ್ ಇಳಿಸಿ ಹಾಕಿ. ಬಯೋಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಹಾಗಾಗಿ ಯುಪಿಎಸ್ ಇಲ್ಲದೆ ಮಾಡಬೇಡಿ. ಆಮೇಲೆ ಪ್ರೈಮರಿ ಡಿಸ್‌ಪ್ಲೇ ಎಂಬಲ್ಲಿ ಪಿಸಿಐಇ ಆರಿಸಿ, ಸಿಎಸ್‌ಎಂ (ಲೆಗಸಿ ರೀತಿಯ ಬೆಂಬಲ) ಆಫ್ ಮಾಡಿ. ವಿಂಡೋಸ್ ಎಂಬಿಆರ್ (ಹಳೆಯ ರೀತಿಯಲ್ಲಿ ಭಾಗ ಮಾಡಿದ) ಡಿಸ್ಕಿನಲ್ಲಿದ್ದರೆ ಸಿಎಸ್‌ಎಂ ಆಫ್ ಆದ ಮೇಲೆ ಅದು ಶುರುವಾಗದು. ಮೊದಲೇ ಫೈಲ್‌ಗಳ ನಕಲು ತೆಗೆದಿಟ್ಟು, ವಿಂಡೋಸಿನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಡಿಸ್ಕನ್ನು ಬದಲಿಸಿಕೊಳ್ಳಿ. ಬಯೋಸಿನಲ್ಲಿ ಸಿಎಸ್‌ಎಂ ಆಫ್ ಮಾಡುವ ಸೌಲಭ್ಯವೇ ಇಲ್ಲವಾದರೆ ಆ ಕಾರ್ಡ್ ಈ ಬೋರ್ಡಿಗೆ ಆಗುವುದಿಲ್ಲ. ಅಂಗಡಿಯವರು ವಾಪಸು ತೆಗೆದುಕೊಳ್ಳುವ ಅವಧಿ ಮುಗಿಯುವ ಮುಂಚೆಯೇ ಇದನ್ನು ತೀರ್ಮಾನಿಸಿ.

ಚಿತ್ರ ಬಂದ ಮೇಲೆ ಹಳೆಯ ಡ್ರೈವರ್ ತೆಗೆಯಿರಿ. ಹೊಸ ಡ್ರೈವರ್ ಇಳಿಸಿಟ್ಟು, ಇಂಟರ್‌ನೆಟ್ ಕಿತ್ತು, ಸೇಫ್ ಮೋಡಿನಲ್ಲಿ ಡಿಡಿಯು ಎಂಬ ಡ್ರೈವರ್ ತೆಗೆಯುವ ಸಾಫ್ಟ್‌ವೇರ್ ಓಡಿಸಿ, ರೀಸ್ಟಾರ್ಟ್ ಆದ ಬಳಿಕ ಹೊಸದು ಹಾಕಿ. ಗೇಮ್ ನಡೆಯುವಾಗ ಕಾರ್ಡಿನ ಬಳಕೆ ಶೇ. 95ರ ಸುತ್ತ ಇದ್ದರೆ ಅದು ಪೂರ್ತಿ ದುಡಿಯುತ್ತಿದೆ. ಶೇ. 60ರಲ್ಲೇ ನಿಂತರೆ 3470 ಪ್ರೊಸೆಸರ್ ಹಿಂದೆ ಬಿದ್ದಿದೆ ಎಂದರ್ಥ. ಆ ಕಂಪ್ಯೂಟರಿಗೆ ಇದಕ್ಕಿಂತ ದೊಡ್ಡ ಕಾರ್ಡ್ ಹಾಕಿ ಫಲವಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಬಿಲ್ ಮಾಡಿಸಿದ ಕಾರ್ಡಿಗೆ ತಮಿಳುನಾಡಿನಲ್ಲಿ ವಾರಂಟಿ ಸಿಗುತ್ತದೆಯೇ? ತೆರಿಗೆ ಹೆಚ್ಚು ಬೀಳುತ್ತದೆಯೇ?
– ತಾಳವಾಡಿಯ ಓದುಗರು

ಉತ್ತರ: ತೆರಿಗೆ ಎಲ್ಲ ರಾಜ್ಯಗಳಲ್ಲೂ ಒಂದೇ, ಶೇ. 18 ಜಿಎಸ್‌ಟಿ. ಭಾರತದ ವಿತರಕರ ಮೂಲಕ ಬಂದ ಕಾರ್ಡಾದರೆ ವಾರಂಟಿ ನಡೆಯುವುದು ಸೀರಿಯಲ್ ನಂಬರ್ ಮತ್ತು ಬಿಲ್ ಮೇಲೆ, ರಾಜ್ಯದ ಮೇಲಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಕಾರ್ಡಿನ ಮೇಲಿನ ಸ್ಟಿಕ್ಕರ್ ಜೊತೆ ಅಂಗಡಿಯಲ್ಲೇ ತಾಳೆ ನೋಡಿ, ಎರಡರ ಫೋಟೊವನ್ನೂ ಇಟ್ಟುಕೊಳ್ಳಿ. ಹೊರದೇಶದಿಂದ ಬಿಲ್ ಇಲ್ಲದೆ ತಂದ ಕಾರ್ಡಿಗೆ ಸಾಮಾನ್ಯವಾಗಿ ಇಲ್ಲಿ ಸೇವೆ ಸಿಗದು. ಸರ್ವಿಸ್ ಸೆಂಟರ್ ನಿಮಗೆ ಹತ್ತಿರ ಯಾವ ಊರಿನಲ್ಲಿದೆ, ಕೊರಿಯರ್ ಮೂಲಕ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ಕೇಳಿ. ಎರಡು ಕಂಪೆನಿಗಳ ಒಂದೇ ಚಿಪ್ಪಿನ ಕಾರ್ಡ್‌ಗಳಲ್ಲಿ ಆರಿಸುವಾಗ ಮೂರನೆಯ ಫ್ಯಾನಿಗಿಂತ, ಬಣ್ಣದ ದೀಪಕ್ಕಿಂತ ಈ ಉತ್ತರಕ್ಕೆ ಹೆಚ್ಚು ಬೆಲೆ ಕೊಡಿ.